ಪುಸ್ತಕ ಮುಚ್ಚಿ ಹೇಳು

‘ಸಾರಾಂಶ ಬರೆಯಿರಿ’ ಎಂಬ ಪ್ರಶ್ನೆ ಕನ್ನಡ ಶಾಲೆಗಳಿಗೆ ಹೊಸದಲ್ಲ. ಉತ್ತರ ಗೈಡಿನಲ್ಲಿ ಸಿದ್ಧವಾಗಿರುತ್ತದೆ, ಮಗು ಬಾಯಿಪಾಠ ಮಾಡಿ ಅಂಕ ಪಡೆಯುತ್ತದೆ. ಓದಿದ್ದನ್ನು ಅರ್ಥ ಮಾಡಿಕೊಳ್ಳಲು ಇರುವ ಒಳ್ಳೆಯ ಸಾಧನ ಹೀಗೆ ನೆನಪಿನ ಪರೀಕ್ಷೆಯಾಗಿ ಮುಗಿಯುವುದು ನಿಜಕ್ಕೂ ನೋವಿನ ಸಂಗತಿ.

ಹುಬ್ಬಳ್ಳಿಯ ಏಳನೇ ತರಗತಿಯ ಹುಡುಗಿಯ ಮುಂದೆ ಈ ನಾಲ್ಕು ಸಾಲು ಇವೆ ಎನ್ನಿ: ‘ಧಾರವಾಡ ಎತ್ತರದ ನೆಲ. ಇಲ್ಲಿನ ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರಿ, ಮುಂದೆ ಗಂಗಾವಳಿ ಎನಿಸಿಕೊಂಡು ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಇದೇ ಜಿಲ್ಲೆಯ ಬೆಣ್ಣಿಹಳ್ಳ ಮಲಪ್ರಭೆಯನ್ನು ಕೂಡುತ್ತದೆ. ಮಲಪ್ರಭೆಯ ನೀರು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿ ಮುಟ್ಟುತ್ತದೆ.’

ಅಕ್ಕೋರು ಪುಸ್ತಕ ಮುಚ್ಚಿಸಿ, “ಏನ್ ತಿಳೀತವಾ, ಒಂದ್ ಮಾತಿನ್ಯಾಗ ಹೇಳು” ಎಂದರೆ ಆಕೆ ಮೊದಲು ನದಿಗಳ ಹೆಸರು ಒಪ್ಪಿಸಬಹುದು. ಆದರೆ ‘ಈ ಸೀಮೆಯ ನೀರು ಎರಡು ಕಡಲಿಗೆ ಹಂಚಿಹೋಗುತ್ತದೆ’ ಎಂಬ ಮಾತು ಆ ನಾಲ್ಕು ಸಾಲುಗಳಲ್ಲಿ ಎಲ್ಲೂ ಇಲ್ಲ. ಅದನ್ನು ಓದುವವಳೇ ಕಟ್ಟಬೇಕು. ಅರ್ಥವಾಗುವುದು ಎಂದರೆ ಬಹುಪಾಲು ಇದೇ. ವಾಲ್ಟರ್ ಕಿಂಚ್ ಮತ್ತು ಟ್ಯೂನ್ ವಾನ್ ಡೈಕ್ 1978ರಲ್ಲಿ ವಿವರಿಸಿದ್ದೂ ಇದನ್ನೇ: ಓದುವಾಗ ಮನಸ್ಸು ಬಿಡಿ ಸಂಗತಿಗಳಲ್ಲಿ ಕೆಲವನ್ನು ಬಿಟ್ಟು, ಕೆಲವನ್ನು ಒಟ್ಟುಗೂಡಿಸಿ, ಅವುಗಳ ಮೇಲೊಂದು ದೊಡ್ಡ ಅರ್ಥವನ್ನು ಕಟ್ಟುತ್ತದೆ.

ಈ ಕೆಲಸದ ಎಲ್ಲ ಹಂತಗಳೂ ಸಮಾನವಾಗಿ ಸುಲಭವಲ್ಲ. ಆನ್ ಬ್ರೌನ್ ಮತ್ತು ಜೀನ್ ಡೇ 1983ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಡವಾದ ವಿವರ ಅಳಿಸುವುದು ಐದನೇ ತರಗತಿಯ ಮಕ್ಕಳಿಗೂ ಬರುತ್ತಿತ್ತು. ಪಠ್ಯದಲ್ಲಿಲ್ಲದ ಮುಖ್ಯ ವಾಕ್ಯವನ್ನು ತಾವೇ ರಚಿಸುವುದು ಮಾತ್ರ ಬಹಳ ತಡವಾಗಿ ಬರುವ ವಿದ್ಯೆ. ಹಾಗಾಗಿ ಸಾರಾಂಶವನ್ನು ಕೇಳುವ ಮೊದಲು ಕಲಿಸಬೇಕು. 2013ರಲ್ಲಿ ಜಾನ್ ಡನ್ಲೋಸ್ಕಿ ಮತ್ತು ಸಂಗಡಿಗರು ಕಲಿಕೆಯ ಹತ್ತು ತಂತ್ರಗಳನ್ನು ತೂಗಿ ನೋಡಿ ಸಾರಾಂಶಕ್ಕೆ ಕೆಳಗಿನ ಸ್ಥಾನ ಕೊಟ್ಟದ್ದಕ್ಕೆ ಒಂದು ಮುಖ್ಯ ಕಾರಣವೂ ಇದೇ: ಚೆನ್ನಾಗಿ ಸಂಗ್ರಹಿಸಲು ಬಾರದವರಿಗೆ ಅದರಿಂದ ಲಾಭ ಕಡಿಮೆ.

ಕನ್ನಡದ ಮಕ್ಕಳಿಗೆ ಇನ್ನೊಂದು ಹೊರೆಯಿದೆ. ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ಮಗು ಗುರುತಿಸಬೇಕಾದ ಅಕ್ಷರರೂಪಗಳು ನಾನೂರಕ್ಕೂ ಹೆಚ್ಚು. ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಕನ್ನಡ ಓದಿನ ಅಧ್ಯಯನ, ಇವುಗಳ ಮೇಲೆ ಹಿಡಿತ ಬರಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕೆಂದು ತೋರಿಸಿತು. ಒತ್ತಕ್ಷರ ಬಿಡಿಸುವುದರಲ್ಲೇ ಗಮನ ಕರಗಿಹೋದರೆ ಅರ್ಥಕ್ಕೆ ಉಳಿಯುವುದೆಷ್ಟು? ಇಂಥ ಮಗುವಿಗೆ ಮೊದಲು ಓದಿ ಕೇಳಿಸಿ, ಬಾಯಿಮಾತಿನಲ್ಲಿ ಸಾರ ಹೇಳಿಸುವುದು ಮೇಲು. ಬರವಣಿಗೆ ಆಮೇಲೆ ಬರಲಿ.

ಆ ಬಾಯಿಮಾತು ಮನೆಯ ಕನ್ನಡದಲ್ಲೇ ಇರಲಿ ಎಂದು ನಾನು ಒತ್ತಿ ಹೇಳುತ್ತೇನೆ. “ನಮ್ಮೂರ ನೀರು ಒಂದಿಷ್ಟು ಈ ಕಡೆ ಸಮುದ್ರಕ್ಕ, ಒಂದಿಷ್ಟು ಆ ಕಡೆ ಸಮುದ್ರಕ್ಕ ಹೋಗತೈತ್ರಿ” ಎಂದವಳನ್ನು ‘ಗ್ರಾಂಥಿಕವಾಗಿ ಹೇಳು’ ಎಂದು ತಡೆದರೆ, ಅರ್ಥವಾಯಿತು ಎಂಬುದಕ್ಕೆ ಸಿಕ್ಕ ಸಾಕ್ಷಿಯನ್ನೇ ಕಳೆದುಕೊಂಡಂತೆ. ಪಾಠದ ಪದಗಳನ್ನು ಬಿಟ್ಟು ತನ್ನ ಪದಗಳಲ್ಲಿ ಆಡಲು ಆಕೆ ವಿಷಯವನ್ನು ಹಿಡಿದಿರಲೇಬೇಕು.

ಅನ್ನಮೇರಿ ಪಾಲಿಂಕ್ಸರ್ ಮತ್ತು ಆನ್ ಬ್ರೌನ್ 1984ರಲ್ಲಿ ವರದಿ ಮಾಡಿದ ಪ್ರಯೋಗದ ಮಕ್ಕಳೂ ಏಳನೇ ತರಗತಿಯವರೇ. ಅಕ್ಷರ ಓದಲು ಬರುತ್ತಿತ್ತು, ಅರ್ಥ ಹತ್ತುತ್ತಿರಲಿಲ್ಲ. ಚಿಕ್ಕ ಗುಂಪಿನಲ್ಲಿ ಸರದಿಯಂತೆ ಒಬ್ಬೊಬ್ಬರೂ ಶಿಕ್ಷಕರಾಗಿ ಸಾರ ಹೇಳುವುದು, ಪ್ರಶ್ನೆ ಕೇಳುವುದು, ತೊಡಕು ಬಿಡಿಸುವುದು, ಮುಂದೇನು ಎಂದು ಊಹಿಸುವುದು ಅಲ್ಲಿನ ಕ್ರಮ. ಕೆಲವೇ ವಾರಗಳಲ್ಲಿ ಗ್ರಹಿಕೆ ಗಣನೀಯವಾಗಿ ಏರಿತು. ಇದಕ್ಕೆ ಸ್ಮಾರ್ಟ್ ಬೋರ್ಡ್ ಬೇಕಿಲ್ಲ, ನಾಲ್ಕೈದು ಮಕ್ಕಳು ಎದುರುಬದುರು ಕೂರಲು ಜಾಗವಿದ್ದರೆ ಸಾಕು.

ಸಮಯದ್ದೂ ಒಂದು ಸೂಕ್ಷ್ಮವಿದೆ. ಓದಿದ ಕೂಡಲೇ ಸಾರಾಂಶ ಬರೆದವರಿಗಿಂತ, ಸ್ವಲ್ಪ ಹೊತ್ತು ಬಿಟ್ಟು ಬರೆದವರು ತಮಗೆ ಯಾವುದು ತಿಳಿದಿದೆ, ಯಾವುದು ತಿಳಿದಿಲ್ಲ ಎಂಬುದನ್ನು ಹೆಚ್ಚು ಸರಿಯಾಗಿ ಅಂದಾಜಿಸಿದರೆಂದು ಕೀತ್ ತೀಡ್ ಮತ್ತು ಮೇರಿ ಆಂಡರ್ಸನ್ 2003ರಲ್ಲಿ ಕಂಡುಕೊಂಡರು. ಪದಗಳು ಮಾಸಿದ ಮೇಲೂ ಉಳಿಯುವುದು ಅರ್ಥ. ಮುಂಜಾನೆ ಓದಿಸಿದ ಪಾಠದ ಸಾರವನ್ನು ಊಟದ ಬಿಡುವಿನ ನಂತರ ಕೇಳಿದರೆ, ಯಾರಿಗೆ ಯಾವ ಭಾಗವನ್ನು ಮತ್ತೆ ಓದಿಸಬೇಕೆಂಬುದು ಶಿಕ್ಷಕರಿಗೆ ಅಂದೇ ಗೊತ್ತಾಗುತ್ತದೆ.