ಕಲ್ಮಶವೇ ಅಯೋಡಿನ್ ಆದಾಗ

ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಾಗ ಅದಕ್ಕೆ ಹಾಕಿದ್ದು ಮಲೆನಾಡಿನ ಮರದ ಇದ್ದಿಲು. ಇದ್ದಿಲಿನಲ್ಲಿ ಗಂಧಕ ಕಡಿಮೆ. ಗಂಧಕ ಹೆಚ್ಚಾದರೆ ಕಬ್ಬಿಣ ಕಾಯಿಸಿ ಬಡಿಯುವಾಗ ಬಿರಿಯುತ್ತದೆ. ಇದು ಸರಕನ್ನು ಕೆಡಿಸುವ ಕಲ್ಮಶದ ಮಾತಾಯಿತು. ಅಳತೆಯನ್ನೇ ಕೆಡಿಸುವ ಕಲ್ಮಶ ಇನ್ನಷ್ಟು ಮೋಸಗಾರ. ಶಿವಮೊಗ್ಗದ ಕಾಲೇಜುಗಳಲ್ಲಿ ಜ್ವಾಲಾ ಪರೀಕ್ಷೆ ಮಾಡುವ ಪಿಯುಸಿ ವಿದ್ಯಾರ್ಥಿಗಳಿಗೆ ಅದರ ಪರಿಚಯವಿದೆ: ಪೊಟ್ಯಾಸಿಯಮ್ಮಿನ ನಸುನೇರಳೆಯನ್ನು ಚಿಟಿಕೆ ಸೋಡಿಯಮ್ಮಿನ ಹಳದಿ ನುಂಗಿಬಿಡುತ್ತದೆ. ನೀಲಿ ಕೋಬಾಲ್ಟ್ ಗಾಜು ಅಡ್ಡ ಹಿಡಿದರಷ್ಟೇ ನೇರಳೆ ಕಾಣುವುದು.

ಅಯೋಡಿನ್-129ನ್ನು ಅಳೆಯುವವರಿಗೂ ಇದೇ ತೊಡಕು. ನೆರೆಯ ಉತ್ತರ ಕನ್ನಡದ ಕೈಗಾದಲ್ಲಿರುವಂಥ ರಿಯಾಕ್ಟರುಗಳಲ್ಲಿ ಯುರೇನಿಯಂ ಒಡೆದಾಗ ಇದು ಹುಟ್ಟುತ್ತದೆ. ಬಹುಪಾಲು ಇಂಧನದೊಳಗೇ ಉಳಿಯುತ್ತದೆ. ಥೈರಾಯ್ಡ್ ಚಿಕಿತ್ಸೆಗೆ ಬಳಸುವ ಅಯೋಡಿನ್-131ರ ಅರ್ಧಾಯು 8 ದಿನವಾದರೆ, ಇದರದು ಸುಮಾರು 1 ಕೋಟಿ 57 ಲಕ್ಷ ವರ್ಷ! ಅಷ್ಟು ನಿಧಾನವಾಗಿ ಕ್ಷಯಿಸುವುದರ ವಿಕಿರಣ ತೀರ ಕ್ಷೀಣ, ನೇರವಾಗಿ ಎಣಿಸುವುದು ಕಷ್ಟ. ಆದರೆ ಅಯೋಡಿನ್ ಎಲ್ಲೇ ಇದ್ದರೂ ಹುಲ್ಲು, ಹಾಲಿನ ಮೂಲಕ ಥೈರಾಯ್ಡ್ ಗ್ರಂಥಿಗೆ ಸೇರುವಂಥದ್ದು. ಅಂಕಿ ತಪ್ಪಾದರೆ ಇಲ್ಲದ ಭಯ, ಇಲ್ಲವೇ ಸುಳ್ಳು ಧೈರ್ಯ.

ಅದಕ್ಕೊಂದು ಉಪಾಯವಿದೆ. ಮಾದರಿಯನ್ನು ರಿಯಾಕ್ಟರಿನಲ್ಲಿಟ್ಟು ನ್ಯೂಟ್ರಾನುಗಳಿಗೆ ಒಡ್ಡುತ್ತಾರೆ. ಒಂದು ನ್ಯೂಟ್ರಾನ್ ನುಂಗಿದ ಅಯೋಡಿನ್-129, ಅಯೋಡಿನ್-130 ಆಗುತ್ತದೆ. ಇದರ ಅರ್ಧಾಯು ಸುಮಾರು ಹನ್ನೆರಡೂವರೆ ಗಂಟೆ. ಗಾಮಾ ಕಿರಣಗಳು ಪ್ರಬಲ. ಅವನ್ನು ಎಣಿಸಿದರಾಯಿತು.

ಆದರೆ ನ್ಯೂಟ್ರಾನುಗಳಿಗೆ ತಾರತಮ್ಯವಿಲ್ಲ, ಕಲ್ಮಶಗಳನ್ನೂ ಎಬ್ಬಿಸುತ್ತವೆ. ಅಯೋಡಿನ್ನಿನ ಸೋದರಸಂಬಂಧಿ ಬ್ರೋಮಿನ್ ಸುಮಾರು 35 ಗಂಟೆ ಅರ್ಧಾಯುವಿನ ಬ್ರೋಮಿನ್-82 ಆಗಿ ಗಲಾಟೆ ಎಬ್ಬಿಸುತ್ತದೆ. ಇದನ್ನು ಆಮೇಲಾದರೂ ರಾಸಾಯನಿಕವಾಗಿ ಬೇರ್ಪಡಿಸಬಹುದು. ಯುರೇನಿಯಂ, ಸೀಸಿಯಂಗಳದು ಹಾಗಲ್ಲ. ರಿಯಾಕ್ಟರಿನಲ್ಲೇ ಯುರೇನಿಯಂ ಒಡೆದು ಹೊಸ ಅಯೋಡಿನ್-129 ಹುಟ್ಟುತ್ತದೆ. ಸೀಸಿಯಂ ವೇಗದ ನ್ಯೂಟ್ರಾನ್ ತಗುಲಿ ಆಲ್ಫಾ ಕಣ ಚೆಲ್ಲಿ ನೇರವಾಗಿ ಅಯೋಡಿನ್-130 ಆಗುತ್ತದೆ. ಹಾಗೆ ಹುಟ್ಟಿದ್ದಕ್ಕೂ ಮೊದಲೇ ಇದ್ದದ್ದಕ್ಕೂ ಗುರುತಿನ ವ್ಯತ್ಯಾಸವೇ ಇಲ್ಲ. ಆದ್ದರಿಂದ ಅವನ್ನು ಒಳಗಿಡುವ ಮೊದಲೇ ತೆಗೆಯಬೇಕು. ಅಡುಗೆಗೆ ಮುಂಚೆ ಅಕ್ಕಿಯ ಕಲ್ಲು ಆರಿಸಿದ ಹಾಗೆ.

ಕೊನೆಯದೇ ಕಠಿಣ. ಉಪ್ಪಿಗೆ ಬೆರೆಸುವ ಸಾಧಾರಣ ಅಯೋಡಿನ್-127, ಒಂದಾದ ಮೇಲೊಂದು ಮೂರು ನ್ಯೂಟ್ರಾನ್ ನುಂಗಿದರೆ ಅದೂ ಅಯೋಡಿನ್-130! ಒಂದೇ ಧಾತುವಾದ್ದರಿಂದ ರಸಾಯನಶಾಸ್ತ್ರ ಇಲ್ಲಿ ಕೈಚೆಲ್ಲುತ್ತದೆ. ಪರಮಾಣು ಯುಗಕ್ಕೆ ಮುಂಚಿನ ಸಮುದ್ರದಲ್ಲಿ ಲಕ್ಷ ಕೋಟಿ ಅಯೋಡಿನ್ ಪರಮಾಣುಗಳಿಗೆ 129ರವು ಒಂದೆರಡು ಮಾತ್ರ. ಅಷ್ಟು ಕಡಿಮೆಯನ್ನು ಹಿಡಿಯಲು ವಿಜ್ಞಾನಿಗಳು ಈಗ ವಿಕಿರಣವನ್ನು ಎಣಿಸುವುದಿಲ್ಲ. ವೇಗವರ್ಧಕದಲ್ಲಿ ಪರಮಾಣುಗಳನ್ನು ಓಡಿಸಿ, ತೂಕದ ಮೇಲೆ ಬೇರ್ಪಡಿಸಿ, ಒಂದೊಂದಾಗಿ ಲೆಕ್ಕ ಹಾಕುತ್ತಾರೆ.