65 ಅಂಕ ಬಂದರೆ ಆಸ್ಟ್ರೇಲಿಯಾ ವೀಸಾ ಸಿಕ್ಕಿತೇ?

“ನಿಂದು ಎಷ್ಟು ಪಾಯಿಂಟ್ಸ್?” ಬೆಂಗಳೂರಿನ ಐಟಿ ಕಂಪನಿಗಳ ಕ್ಯಾಂಟೀನಿನಲ್ಲೂ ಮಂಗಳೂರಿನ ಆಸ್ಪತ್ರೆಗಳ ನರ್ಸಿಂಗ್ ಹಾಸ್ಟೆಲಿನಲ್ಲೂ ಈ ಪ್ರಶ್ನೆ ಕಿವಿಗೆ ಬೀಳುತ್ತದೆ. ಆಸ್ಟ್ರೇಲಿಯಾದ ಪಿಆರ್ (ಶಾಶ್ವತ ವಾಸದ ಅನುಮತಿ) ಬಗ್ಗೆ ನಮ್ಮಲ್ಲಿ ಉತ್ಸಾಹಕ್ಕೆ ಕೊರತೆಯಿಲ್ಲ, ಸಲಹೆ ಕೊಡುವವರಿಗೂ ಕೊರತೆಯಿಲ್ಲ. ಕೊರತೆ ಇರುವುದು ನಿಯಮವನ್ನು ತಾವೇ ಓದಿ ನೋಡುವ ತಾಳ್ಮೆಗೆ. ಲಕ್ಷಗಟ್ಟಲೆ ಖರ್ಚು ಮಾಡಿ, ವರ್ಷಗಟ್ಟಲೆ ಕಾದು, ಒಂದು ಸಣ್ಣ ನಿಯಮ ಗೊತ್ತಿಲ್ಲದ ಕಾರಣಕ್ಕೆ ಅರ್ಜಿ ಬಿದ್ದುಹೋಗುವುದು ದೊಡ್ಡ ನೋವು. ಅದನ್ನು ತಪ್ಪಿಸಬಹುದು.

ಮೊದಲು ಚೌಕಟ್ಟನ್ನು ನೋಡೋಣ. ಬಿಳಿಯರಿಗೆ ಮಾತ್ರ ಆದ್ಯತೆ ಕೊಡುತ್ತಿದ್ದ ವಲಸೆ ನೀತಿಯನ್ನು ಆಸ್ಟ್ರೇಲಿಯಾ 1973ರಲ್ಲಿ ಸಂಪೂರ್ಣವಾಗಿ ಕೈಬಿಟ್ಟಿತು. 1979ರಲ್ಲಿ ಅಂಕ ಕೊಟ್ಟು ಅರ್ಜಿದಾರರನ್ನು ಅಳೆಯುವ ಪದ್ಧತಿ ಬಂತು. ಇಂದಿನ ಆನ್‌ಲೈನ್ ವ್ಯವಸ್ಥೆಯಾದ ಸ್ಕಿಲ್‌ಸೆಲೆಕ್ಟ್ ಶುರುವಾದದ್ದು 2012ರ ಜುಲೈನಲ್ಲಿ. ಅಂಕದ ಮೇಲೆ ನಡೆಯುವ ಮುಖ್ಯ ವೀಸಾಗಳು ಮೂರು. 189 ಸ್ವತಂತ್ರ ವೀಸಾ. 190ಕ್ಕೆ ಅಲ್ಲಿನ ಯಾವುದಾದರೂ ರಾಜ್ಯದ ನಾಮನಿರ್ದೇಶನ ಬೇಕು. 491 ಪ್ರಾದೇಶಿಕ ಭಾಗಗಳಿಗೆ ಕೊಡುವ ತಾತ್ಕಾಲಿಕ ವೀಸಾ.

ತಪ್ಪು ಕಲ್ಪನೆ: 65 ಅಂಕ ಬಂದರೆ ವೀಸಾ ಖಚಿತ

65 ಎಂಬುದು ಸಾಲಿನಲ್ಲಿ ನಿಲ್ಲಲು ಬೇಕಾದ ಅರ್ಹತೆ, ಅಷ್ಟೆ. ಸಿಇಟಿ ಬರೆಯಲು ಅರ್ಹತೆ ಇರುವುದಕ್ಕೂ ಬೇಕಾದ ಕಾಲೇಜಿನಲ್ಲಿ ಸೀಟು ಸಿಗುವುದಕ್ಕೂ ಎಷ್ಟು ಅಂತರವಿದೆಯೋ ಇಲ್ಲೂ ಅಷ್ಟೇ ಅಂತರವಿದೆ. ಆಸಕ್ತಿ ಇದೆಯೆಂದು ಸ್ಕಿಲ್‌ಸೆಲೆಕ್ಟ್‌ನಲ್ಲಿ ಒಂದು ಇಒಐ ಹಾಕುತ್ತೀರಿ. ಅದಕ್ಕೆ ಶುಲ್ಕವಿಲ್ಲ, ಎರಡು ವರ್ಷ ಅದು ಜೀವಂತವಾಗಿರುತ್ತದೆ. ಸರ್ಕಾರ ಆಗಾಗ ಸುತ್ತುಗಳನ್ನು ನಡೆಸಿ, ಹೆಚ್ಚು ಅಂಕದವರಿಂದ ಆರಂಭಿಸಿ ಆಹ್ವಾನ ಕಳಿಸುತ್ತದೆ. ಅಂಕ ಸಮವಾದರೆ ಮೊದಲು ಆ ಅಂಕ ತಲುಪಿದವರಿಗೆ ಆದ್ಯತೆ. ಆಹ್ವಾನ ಬಂದ ಮೇಲೆ ಅರ್ಜಿ ಹಾಕಲು 60 ದಿನ ಮಾತ್ರ.

ಎಷ್ಟು ಅಂಕಕ್ಕೆ ಆಹ್ವಾನ ಬರುತ್ತದೆ ಎಂಬುದು ವೃತ್ತಿಯ ಮೇಲೆ ನಿಂತಿದೆ. ಬಡಗಿ ಕೆಲಸದಂಥ ಕಟ್ಟಡ ಕಸುಬುಗಳಿಗೆ 65ಕ್ಕೇ ಆಹ್ವಾನ ಹೋದದ್ದುಂಟು. ಸಾಫ್ಟ್‌ವೇರ್‌ನವರಲ್ಲಿ 80 ಇದ್ದವರೂ ಕಾಯುತ್ತಲೇ ಇದ್ದದ್ದುಂಟು. ಸ್ಥಾನಗಳ ಸಂಖ್ಯೆಯೂ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2023–24ರಲ್ಲಿ 189ಕ್ಕೆ 30,375 ಸ್ಥಾನ ಇಟ್ಟಿದ್ದ ಸರ್ಕಾರ 2024–25ರಲ್ಲಿ ಅದನ್ನು 16,900ಕ್ಕೆ ಇಳಿಸಿತು. ಇದು ಇಡೀ ಜಗತ್ತಿನ ಅರ್ಜಿದಾರರಿಗೆ, ಕುಟುಂಬದವರನ್ನೂ ಸೇರಿಸಿ. ಹಾಗಾಗಿ ಗೆಳೆಯನಿಗೆ ಮೂರು ವರ್ಷದ ಹಿಂದೆ 75ಕ್ಕೆ ಸಿಕ್ಕಿತು ಎಂಬುದು ಇಂದು ನಿಮ್ಮ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ.

ತಪ್ಪು ಕಲ್ಪನೆ: 45 ತುಂಬುವವರೆಗೆ ಸಮಯವಿದೆ

ಅರ್ಹತೆ 45ಕ್ಕೆ ಮುಗಿಯುತ್ತದೆ ಎಂಬುದು ನಿಜ. ಆದರೆ ಅಂಕ ಅದಕ್ಕೆ ಬಹಳ ಮೊದಲೇ ಇಳಿಯುತ್ತದೆ. 25ರಿಂದ 32 ವರ್ಷದವರಿಗೆ 30 ಅಂಕ, 33 ತುಂಬಿದ ದಿನ 25, 40 ತುಂಬಿದರೆ 15. ಇಒಐ ಹಾಕಿದ ದಿನದ ವಯಸ್ಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆಹ್ವಾನ ಬಂದ ದಿನದ ವಯಸ್ಸೇ ಮುಖ್ಯ. 39ರಲ್ಲಿ ಸಾಲಿನಲ್ಲಿ ನಿಂತವರು ಕಾಯುತ್ತಿರುವಾಗಲೇ ಹತ್ತು ಅಂಕ ಕಳೆದುಕೊಳ್ಳುತ್ತಾರೆ.

ತಪ್ಪು ಕಲ್ಪನೆ: ಎಂಟು ವರ್ಷ ದುಡಿದಿದ್ದೇನೆ, 15 ಅಂಕ ನನ್ನದೇ

ಅತಿ ಹೆಚ್ಚು ಜನ ಎಡವುವುದು ಇಲ್ಲಿ.

ಆಸ್ಟ್ರೇಲಿಯಾದ ಹೊರಗೆ ಮಾಡಿದ ಕೆಲಸಕ್ಕೆ ಮೂರು ವರ್ಷಕ್ಕೆ 5, ಐದಕ್ಕೆ 10, ಎಂಟಕ್ಕೆ 15 ಅಂಕ. ಆದರೆ ಎಣಿಸುವವರು ನೀವಲ್ಲ. ಪ್ರತಿ ವೃತ್ತಿಗೂ ಕೌಶಲವನ್ನು ಅಳೆಯುವ ಒಂದು ಸಂಸ್ಥೆ ಇದೆ: ಐಟಿಗೆ ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ, ಎಂಜಿನಿಯರುಗಳಿಗೆ ಎಂಜಿನಿಯರ್ಸ್ ಆಸ್ಟ್ರೇಲಿಯಾ, ನರ್ಸ್‌ಗಳಿಗೆ ಆನ್‌ಮ್ಯಾಕ್, ಎಲೆಕ್ಟ್ರಿಷಿಯನ್‌ನಂಥ ಕಸುಬುಗಳಿಗೆ ಟ್ರೇಡ್ಸ್ ರೆಕಗ್ನಿಷನ್ ಆಸ್ಟ್ರೇಲಿಯಾ. ಆಹ್ವಾನ ಬರುವ ಮೊದಲೇ ಈ ಅಸೆಸ್‌ಮೆಂಟ್ ಕೈಯಲ್ಲಿರಬೇಕು.

ಕಂಪ್ಯೂಟರ್ ಸೊಸೈಟಿಯ ರೀತಿಯನ್ನೇ ನೋಡಿ. ಕಂಪ್ಯೂಟರ್ ಸೈನ್ಸ್ ಓದಿ ಅದಕ್ಕೆ ಹತ್ತಿರದ ಕೆಲಸ ಮಾಡಿದವರಿಗೆ ಅದು ಸಾಮಾನ್ಯವಾಗಿ ಮೊದಲ ಎರಡು ವರ್ಷವನ್ನು ಕಲಿಕೆಯ ಕಾಲವೆಂದು ಕಳೆಯುತ್ತದೆ. ಓದಿಗೂ ಆರಿಸಿಕೊಂಡ ವೃತ್ತಿಗೂ ನಂಟು ಸಡಿಲವಾಗಿದ್ದರೆ ನಾಲ್ಕು ವರ್ಷ. ಮೆಕ್ಯಾನಿಕಲ್ ಅಥವಾ ಸಿವಿಲ್ ಓದಿ ಕೋಡಿಂಗ್‌ಗೆ ಬಂದವರಿಗೆ ಕಡಿತ ಇನ್ನೂ ಹೆಚ್ಚು. ಹೀಗಾಗಿ 2017ರ ಜುಲೈನಲ್ಲಿ ಕೆಲಸಕ್ಕೆ ಸೇರಿದ ಕಂಪ್ಯೂಟರ್ ಸೈನ್ಸ್ ಪದವೀಧರರೊಬ್ಬರಿಗೆ 2025ರ ಜುಲೈನಲ್ಲಿ ಎಂಟು ವರ್ಷ ತುಂಬಿದರೂ ಲೆಕ್ಕಕ್ಕೆ ಬರುವುದು ಆರು. ಅಂಕ 10. ಇದು ಗೊತ್ತಿಲ್ಲದೆ ಇಒಐಯಲ್ಲಿ 15 ಎಂದು ತುಂಬಿ, ಅದರ ಬಲದಿಂದಲೇ ಆಹ್ವಾನ ಬಂದರೆ ಅರ್ಜಿ ತಿರಸ್ಕಾರವಾಗುತ್ತದೆ. ಆಹ್ವಾನ ಬಂದಾಗ ಇದ್ದ ಅಂಕವನ್ನು ದಾಖಲೆಯಲ್ಲಿ ತೋರಿಸಲೇಬೇಕು. ವೀಸಾ ಶುಲ್ಕ ಮುಖ್ಯ ಅರ್ಜಿದಾರರಿಗೇ 4,900 ಆಸ್ಟ್ರೇಲಿಯನ್ ಡಾಲರ್ ಆಸುಪಾಸು. ಅದು ವಾಪಸ್ ಬರುವುದಿಲ್ಲ.

ಎಂಜಿನಿಯರುಗಳ ಕತೆ ಬೇರೆ. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಸೇರಿತು, ಆದ್ದರಿಂದ ನಮ್ಮ ಎಲ್ಲ ಬಿಇ ಪದವಿಗಳೂ ನೇರ ನಡೆಯುತ್ತವೆ ಎಂದು ಹಲವರು ನಂಬಿದ್ದಾರೆ. ಅದರ ಲಾಭ ಸಿಗುವುದು ನಮ್ಮ ರಾಷ್ಟ್ರೀಯ ಮಾನ್ಯತಾ ಮಂಡಳಿ ಎನ್‌ಬಿಎಯ ಟಯರ್ 1 ಮಾನ್ಯತೆ ಇರುವ ಕೋರ್ಸುಗಳಿಗೆ ಮಾತ್ರ. ಉಳಿದವರು, ಅಂದರೆ ವಿಟಿಯು ವ್ಯಾಪ್ತಿಯ ಬಹುಪಾಲು ಕಾಲೇಜುಗಳಲ್ಲಿ ಓದಿದವರು, ತಾವೇ ಮಾಡಿದ ಕೆಲಸದ ಬಗ್ಗೆ ಮೂರು ವಿವರವಾದ ವರದಿಗಳನ್ನು ಬರೆದು ಸಾಮರ್ಥ್ಯ ತೋರಿಸಬೇಕು. ಬೇರೆಯವರ ವರದಿಯನ್ನು ನಕಲು ಮಾಡಿದರೆ ಸಿಕ್ಕಿಬೀಳುತ್ತೀರಿ.

ಇನ್ನು ಪುರಾವೆ. ನಮ್ಮ ಕಂಪನಿಗಳು ಸಾಮಾನ್ಯವಾಗಿ ಕೊಡುವ ರಿಲೀವಿಂಗ್ ಲೆಟರ್‌ನಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು ಇರುತ್ತದೆ. ಅಸೆಸ್‌ಮೆಂಟ್‌ಗೆ ಅದು ಸಾಲದು. ನೀವು ದಿನನಿತ್ಯ ಏನು ಕೆಲಸ ಮಾಡುತ್ತಿದ್ದಿರಿ, ವಾರಕ್ಕೆ ಎಷ್ಟು ಗಂಟೆ ಎಂಬ ವಿವರ ಬೇಕು. ವಾರಕ್ಕೆ ಕನಿಷ್ಠ 20 ಗಂಟೆಯ ಸಂಬಳದ ಕೆಲಸ ಮಾತ್ರ, ಅದೂ ಕಳೆದ ಹತ್ತು ವರ್ಷದೊಳಗಿನದು ಮಾತ್ರ ಅಂಕಕ್ಕೆ ಸಲ್ಲುತ್ತದೆ. ಎಚ್‌ಆರ್ ಒಪ್ಪದಿದ್ದರೆ ಕಂಪ್ಯೂಟರ್ ಸೊಸೈಟಿ ನಿಮ್ಮ ಮ್ಯಾನೇಜರ್ ಅಥವಾ ಸಹೋದ್ಯೋಗಿ ಮಾಡಿಕೊಟ್ಟ ಅಫಿಡವಿಟ್ಟನ್ನು ಪರಿಗಣಿಸುತ್ತದೆ. ಜೊತೆಗೆ ಪೇ ಸ್ಲಿಪ್, ಫಾರ್ಮ್ 16, ಪಿಎಫ್ ಪಾಸ್‌ಬುಕ್ ಇರಲಿ. ಸಂಬಳವನ್ನು ನಗದಿನಲ್ಲಿ ಪಡೆದು ದುಡಿದ ವರ್ಷಗಳು ಎಷ್ಟೇ ಪ್ರಾಮಾಣಿಕವಾಗಿದ್ದರೂ ದಾಖಲೆ ಇಲ್ಲದೆ ನಿಲ್ಲುವುದಿಲ್ಲ. ನನಗೆ ಇದು ಕ್ರೂರವೆನ್ನಿಸುತ್ತದೆ. ಆದರೆ ನಿಯಮ ಹಾಗಿದೆ.

ತಪ್ಪು ಕಲ್ಪನೆ: ಐಇಎಲ್‌ಟಿಎಸ್‌ನಲ್ಲಿ ಆರು ಬಂದರೆ ಸಾಕು

ಓದುವುದು, ಬರೆಯುವುದು, ಕೇಳುವುದು, ಮಾತಾಡುವುದು ನಾಲ್ಕರಲ್ಲೂ ಆರು ಬಂದರೆ ಅರ್ಜಿ ಹಾಕಬಹುದು, ಅಂಕ ಮಾತ್ರ ಸೊನ್ನೆ. ನಾಲ್ಕರಲ್ಲೂ ಏಳು ಬಂದರೆ 10, ನಾಲ್ಕರಲ್ಲೂ ಎಂಟು ಬಂದರೆ 20. ಸರಾಸರಿ ಎಂಟಿದ್ದು ಬರವಣಿಗೆಯಲ್ಲಿ ಏಳೂವರೆ ಬಂದರೆ ಸಿಗುವುದು ಹತ್ತೇ. ಐದು ವರ್ಷ ಹೆಚ್ಚು ದುಡಿದರೂ ಸಿಗದಷ್ಟು ಅಂಕ ಇಲ್ಲಿದೆ. ಆದ್ದರಿಂದ ಏಜೆಂಟರಿಗೆ ಕೊಡುವ ದುಡ್ಡಿನಲ್ಲಿ ಒಂದು ಪಾಲನ್ನು ಬರವಣಿಗೆಯ ಅಭ್ಯಾಸಕ್ಕೆ ಇಡಿ ಎಂದು ಒತ್ತಿ ಹೇಳುತ್ತೇನೆ. ಐಇಎಲ್‌ಟಿಎಸ್ ಬದಲು ಪಿಟಿಇ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವವರು ಹಳೆಯ ಕೋಷ್ಟಕ ನಂಬಬೇಡಿ. 2025ರ ಆಗಸ್ಟ್‌ನಿಂದ ಅದರಲ್ಲಿ ಪ್ರತಿ ವಿಭಾಗಕ್ಕೂ ಬೇರೆ ಬೇರೆ ಅಂಕ ನಿಗದಿಯಾಗಿದೆ.

ಇನ್ನೊಂದು ವಿಷಯ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದೇ ಇಲ್ಲ: ಕನ್ನಡಕ್ಕೂ ಐದು ಅಂಕವಿದೆ. ಆಸ್ಟ್ರೇಲಿಯಾದ ನಾಟಿ ಎಂಬ ಸಂಸ್ಥೆ ಸಿಸಿಎಲ್ ಪರೀಕ್ಷೆ ನಡೆಸುತ್ತದೆ, ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆಸ್ಪತ್ರೆ, ಬ್ಯಾಂಕು, ಶಾಲೆಯಂಥ ಕಡೆ ನಡೆಯುವ ಎರಡು ಸಂಭಾಷಣೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೂ ಕನ್ನಡದಿಂದ ಇಂಗ್ಲಿಷಿಗೂ ಬಾಯಿಮಾತಿನಲ್ಲಿ ದಾಟಿಸಬೇಕು. 90ಕ್ಕೆ 63 ಬೇಕು, ಒಂದೊಂದು ಸಂಭಾಷಣೆಯಲ್ಲೂ 45ಕ್ಕೆ ಕನಿಷ್ಠ 29. ಪರೀಕ್ಷೆ ಆನ್‌ಲೈನ್‌ನಲ್ಲೇ ನಡೆಯುತ್ತದೆ. ಮನೆಯಲ್ಲಿ ಕನ್ನಡ ಮಾತಾಡಿದರೆ ಸಾಕಾಗುವುದಿಲ್ಲ. ಸಾಲ, ವಿಮೆ, ರಕ್ತಪರೀಕ್ಷೆ, ದೂರು ಮೊದಲಾದ ವಿಷಯಗಳ ಕನ್ನಡ ನಾಲಿಗೆಯ ತುದಿಯಲ್ಲಿರಬೇಕು.

ತಪ್ಪು ಕಲ್ಪನೆ: ಮದುವೆಯಾದರೆ ಹತ್ತು ಅಂಕ ಹೋಯಿತು

ಒಂಟಿಯಾಗಿರುವವರಿಗೆ 10 ಅಂಕ ಸಿಗುತ್ತದೆ, ನಿಜ. ಆದರೆ ಗಂಡ ಅಥವಾ ಹೆಂಡತಿ 45ರ ಒಳಗಿದ್ದು, ಇಂಗ್ಲಿಷಿನಲ್ಲಿ ಆರು ಪಡೆದು, ಅದೇ ವೃತ್ತಿಪಟ್ಟಿಯಲ್ಲಿ ತಮ್ಮದೂ ಒಂದು ಸ್ಕಿಲ್ ಅಸೆಸ್‌ಮೆಂಟ್ ಮಾಡಿಸಿದ್ದರೆ ಅದೇ 10 ಅಂಕ ಸಿಗುತ್ತದೆ. ಇಂಗ್ಲಿಷ್ ಮಾತ್ರ ಇದ್ದರೂ 5. ಮನೆಯಲ್ಲಿ ಇಬ್ಬರೂ ಓದಿದವರಾಗಿದ್ದು ಗಂಡನ ಹೆಸರಿನಲ್ಲೇ ಅರ್ಜಿ ಹಾಕುವುದು ನಮ್ಮಲ್ಲಿ ರೂಢಿ. ಹೆಂಡತಿ ನರ್ಸೋ ಶಿಕ್ಷಕಿಯೋ ಆಗಿದ್ದರೆ ಅವರೇ ಮುಖ್ಯ ಅರ್ಜಿದಾರರಾಗುವುದು ಎಷ್ಟೋ ಸಲ ಒಳ್ಳೆಯದು. ಇಬ್ಬರ ಲೆಕ್ಕವನ್ನೂ ಪಕ್ಕದಲ್ಲಿಟ್ಟು ನೋಡಿ.

ತಪ್ಪು ಕಲ್ಪನೆ: ಪಿಆರ್ ಸಿಕ್ಕರೆ ಕೆಲಸವೂ ಸಿಕ್ಕಂತೆ

ಅಂಕದ ವೀಸಾಕ್ಕೆ ಕೆಲಸದ ಆಫರ್ ಬೇಕಿಲ್ಲ. ಅದೇ ಕಾರಣಕ್ಕೆ ಅದು ಕೆಲಸದ ಭರವಸೆಯನ್ನೂ ಕೊಡುವುದಿಲ್ಲ. ವೃತ್ತಿ ಪರವಾನಗಿ ಬೇರೆ ವಿಷಯ. ನರ್ಸ್ ಆಗಿ ಕೆಲಸ ಮಾಡಲು ಆಪ್ರಾ ಎಂಬ ನಿಯಂತ್ರಕದಲ್ಲಿ ನೋಂದಣಿ ಬೇಕು, ಭಾರತದಲ್ಲಿ ಓದಿದ ಹೆಚ್ಚಿನವರು ಅದಕ್ಕಾಗಿ ಎನ್‌ಕ್ಲೆಕ್ಸ್ ಎಂಬ ನರ್ಸಿಂಗ್ ಪರೀಕ್ಷೆ ಬರೆದು, ಆಸ್ಟ್ರೇಲಿಯಾದಲ್ಲೇ ಪ್ರಾಯೋಗಿಕ ಪರೀಕ್ಷೆಯನ್ನೂ ಮುಗಿಸಬೇಕು. ಎಲೆಕ್ಟ್ರಿಷಿಯನ್‌ಗೆ ಆಯಾ ರಾಜ್ಯದ ಲೈಸೆನ್ಸ್ ಬೇಕು. ಹೊಸದಾಗಿ ಬಂದವರಿಗೆ ನಿರುದ್ಯೋಗ ಭತ್ಯೆ ಸಿಗಲು ಸಾಮಾನ್ಯವಾಗಿ ನಾಲ್ಕು ವರ್ಷ ಕಾಯಬೇಕು. ಕೆಲವು ತಿಂಗಳ ಬಾಡಿಗೆ, ಊಟದ ಖರ್ಚು ಕೈಯಲ್ಲಿಟ್ಟುಕೊಂಡೇ ಹೊರಡಿ.

ತಪ್ಪು ಕಲ್ಪನೆ: 491 ಎಂದರೆ ಯಾವುದೋ ಕಾಡಿನ ಹಳ್ಳಿ

ಪ್ರಾದೇಶಿಕ ಭಾಗ ಎಂದರೆ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟು ಉಳಿದದ್ದೆಲ್ಲ. ಪರ್ತ್, ಅಡಿಲೇಡ್, ಕ್ಯಾನ್‌ಬೆರಾ, ಹೋಬರ್ಟ್, ಗೋಲ್ಡ್ ಕೋಸ್ಟ್ ಎಲ್ಲವೂ ಇದರೊಳಗೆ ಬರುತ್ತವೆ. ನಾಮನಿರ್ದೇಶನಕ್ಕೆ 15 ಅಂಕ ಸಿಗುತ್ತದೆ, 190ಕ್ಕೆ ಸಿಗುವುದು 5. ವೀಸಾ ಐದು ವರ್ಷದ್ದು, ಮೂರು ವರ್ಷ ಅಲ್ಲಿ ಬದುಕಿ, ತೆರಿಗೆ ದಾಖಲೆ ತೋರಿಸಿದರೆ 191 ಎಂಬ ಶಾಶ್ವತ ವೀಸಾದ ಮೂಲಕ ಪಿಆರ್. ಮಧ್ಯದಲ್ಲಿ ಮೆಲ್ಬರ್ನ್‌ಗೆ ಹೋಗಿ ನೆಲೆಸಿದರೆ ಷರತ್ತು ಮುರಿದಂತೆ. ಇದನ್ನು ಒಪ್ಪುವವರಿಗೆ ಇದು ಒಳ್ಳೆಯ ದಾರಿ.

ತಪ್ಪು ಕಲ್ಪನೆ: ಆಮೇಲೆ ಅಪ್ಪ ಅಮ್ಮನನ್ನೂ ಕರೆಸಿಕೊಳ್ಳಬಹುದು

ಎಲ್ಲಕ್ಕಿಂತ ಹೆಚ್ಚು ಕಣ್ಣೀರು ತರಿಸುವ ತಪ್ಪು ತಿಳಿವಳಿಕೆ ಇದು. ಅರ್ಜಿಯಲ್ಲಿ ಸೇರಿಸಬಹುದಾದವರು ಸಂಗಾತಿ ಮತ್ತು ಅವಲಂಬಿತ ಮಕ್ಕಳು. ಹೆತ್ತವರಿಗೆ ಅಲ್ಲಿ ಜಾಗವಿಲ್ಲ. ಅವರಿಗೆಂದೇ ಇರುವ ಶಾಶ್ವತ ವೀಸಾದ ಸಾಲು ಎಷ್ಟು ಉದ್ದವೆಂದರೆ ಮೂರು ದಶಕ ಬೇಕಾಗಬಹುದು ಎಂದು ಸರ್ಕಾರವೇ ಹೇಳುತ್ತದೆ. ಬೇಗ ಸಿಗಲೆಂದು ಇರುವ ಇನ್ನೊಂದು ಬಗೆಗೆ ಒಬ್ಬರಿಗೆ 40,000 ಡಾಲರಿಗೂ ಹೆಚ್ಚು ಕಟ್ಟಬೇಕು, ಅದರಲ್ಲೂ ಹತ್ತು ವರ್ಷ ಮೀರಿದ ಕಾಯುವಿಕೆ ಇದೆ. ಹೆತ್ತವರ ಮಕ್ಕಳಲ್ಲಿ ಕನಿಷ್ಠ ಅರ್ಧದಷ್ಟಾದರೂ ಆಸ್ಟ್ರೇಲಿಯಾದಲ್ಲಿ ನೆಲೆಸಿರಬೇಕು ಅಥವಾ ಬೇರೆ ಯಾವ ಒಂದು ದೇಶಕ್ಕಿಂತಲೂ ಅಲ್ಲಿ ಹೆಚ್ಚು ಮಕ್ಕಳಿರಬೇಕು ಎಂಬ ಷರತ್ತೂ ಇದೆ. ಇಬ್ಬರು ಮಕ್ಕಳು ಊರಲ್ಲೇ ಇದ್ದು ಒಬ್ಬರು ಹೋದ ಮನೆಗೆ ಆ ಬಾಗಿಲು ಮುಚ್ಚಿದೆ. ಪ್ರವಾಸಿ ವೀಸಾ, ಹೆತ್ತವರಿಗಾಗಿ ಇರುವ ತಾತ್ಕಾಲಿಕ 870 ವೀಸಾ ಉಳಿಯುತ್ತವೆ. ಎರಡನೆಯದು ಮೂರು ಅಥವಾ ಐದು ವರ್ಷದ್ದು, ಒಟ್ಟು ಹತ್ತು ವರ್ಷ ಮೀರುವಂತಿಲ್ಲ. ಈ ಮಾತನ್ನು ಮನೆಯಲ್ಲಿ ಹೊರಡುವ ಮೊದಲೇ ಆಡಿ.

ತಪ್ಪು ಕಲ್ಪನೆ: ಏಜೆಂಟ್ ಎಲ್ಲ ನೋಡಿಕೊಳ್ಳುತ್ತಾರೆ

ಅರ್ಜಿಗೆ ಏಜೆಂಟ್ ಕಡ್ಡಾಯವಲ್ಲ. ಪ್ರಕರಣ ಜಟಿಲವಾಗಿದ್ದರೆ ಒಳ್ಳೆಯ ಸಲಹೆಗಾರರು ನಿಜಕ್ಕೂ ನೆರವಾಗುತ್ತಾರೆ. ಆದರೆ ಯಾರಿಗೂ ಆಹ್ವಾನ ತರಿಸಿಕೊಡುವ ಶಕ್ತಿ ಇಲ್ಲ. ಆಸ್ಟ್ರೇಲಿಯಾದಲ್ಲಿ ವಲಸೆ ಸಲಹೆಗಾರರು ಓಮಾರಾ ಎಂಬ ಕಚೇರಿಯಲ್ಲಿ ನೋಂದಾಯಿಸಿಕೊಂಡಿರಬೇಕು. ದೇಶದ ಹೊರಗೆ ಕುಳಿತವರಿಗೆ ಅದು ಕಡ್ಡಾಯವಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಹಣ ಕಟ್ಟುವ ಮೊದಲು ನೋಂದಣಿ ಸಂಖ್ಯೆ ಕೇಳಿ, ಓಮಾರಾ ಜಾಲತಾಣದಲ್ಲಿ ಆ ಹೆಸರು ಇದೆಯೇ ಎಂದು ನೀವೇ ನೋಡಿ.

“ಒಂದು ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ಹೊಂದಿಸಿಕೊಡ್ತೀವಿ” ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ಮೂರು ವರ್ಷ, ಗುರುತಿನ ವಿಷಯದಲ್ಲಿ ಮೋಸವಾಗಿದ್ದರೆ ಹತ್ತು ವರ್ಷ ವೀಸಾ ನಿಷೇಧ. ಅರ್ಜಿಯಲ್ಲಿ ಸೇರಿದ ಕುಟುಂಬದವರಿಗೂ ಅದು ತಟ್ಟಬಹುದು. ದಾಖಲೆ ಕೊಟ್ಟದ್ದು ಏಜೆಂಟ್ ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ.

ಅಂಕಗಳ ಪದ್ಧತಿಯನ್ನೇ ಪರಿಷ್ಕರಿಸುವ ಇಂಗಿತವನ್ನು ಅಲ್ಲಿನ ಸರ್ಕಾರ 2023ರ ಡಿಸೆಂಬರಿನ ವಲಸೆ ನೀತಿಯಲ್ಲೇ ಕೊಟ್ಟಿದೆ. ಆದ್ದರಿಂದ ಅರ್ಜಿ ಹಾಕುವ ದಿನ ಗೃಹ ಇಲಾಖೆಯ ಜಾಲತಾಣವನ್ನು ಮತ್ತೊಮ್ಮೆ ಓದಿ. ಇನ್ನೊಂದು ಕೆಲಸವನ್ನು ಮಾತ್ರ ಇವತ್ತೇ ಶುರು ಮಾಡಿ: ಹಳೆಯ ಕಂಪನಿಯ ಮ್ಯಾನೇಜರ್ ಇನ್ನೂ ಅಲ್ಲೇ ಇರುವಾಗ, ನೀವು ಮಾಡಿದ ಕೆಲಸದ ವಿವರವಿರುವ ಪತ್ರವನ್ನು ಬರೆಸಿ, ಸಹಿ ಮಾಡಿಸಿ ಇಟ್ಟುಕೊಳ್ಳಿ.