‘ಬಾಮಿಸ್’: ಒಂದು ಡಚ್ಚು ಶಬ್ದವೂ ಶರತ್ಕಾಲದ ಧರ್ಮಾಚಾರಗಳೂ

೧

ಋತುಗಳ ಹೆಸರುಗಳು ಪ್ರಕೃತಿವ್ಯಾಪಾರಗಳಿಂದಲೇ ಹುಟ್ಟುವುವೆಂದು ತಿಳಿಯುವುದು ಸಾಮಾನ್ಯವಾದ ವಾಡಿಕೆ. ಬಿಸಿಲು, ಮಳೆ, ಹಿಮ, ಚಿಗುರು, ಸುಗ್ಗಿ ಎಂಬಿವೇ ಅಂತಹ ಹೆಸರುಗಳಿಗೆ ಮೂಲವೆಂದು ಹೇಳುವುದುಂಟು. ಬೆಲ್ಜಿಯಂ ದೇಶದ ಉತ್ತರಭಾಗವಾದ ಫ್ಲಾಂಡರ್ಸ್ ಪ್ರಾಂತದ ಡಚ್ಚು ಆಡುನುಡಿಗಳಲ್ಲಿ ಶರತ್ಕಾಲವನ್ನು ಸೂಚಿಸುವ ‘ಬಾಮಿಸ್’ ಎಂಬ ಶಬ್ದವು ಈ ವಾಡಿಕೆಗೆ ಹೊರತಾದುದು. ಈ ಶಬ್ದದೊಳಗೆ ಬಿಸಿಲೂ ಇಲ್ಲ, ಬೆಳೆಯೂ ಇಲ್ಲ. ಏಳನೆಯ ಶತಮಾನದ ಒಬ್ಬ ಸಂತನ ಹೆಸರೂ ಕ್ರೈಸ್ತ ದೇವಾಲಯದ ಒಂದು ಪೂಜೆಯ ಹೆಸರೂ ಕೂಡಿಕೊಂಡಿವೆ. ಆ ಎರಡು ಹೆಸರುಗಳು ಸವೆದು ಒಂದಾಗಿ, ಮೊದಲು ಒಂದು ದಿನವನ್ನೂ, ಬಳಿಕ ಒಂದು ಗಡುವನ್ನೂ, ಕೊನೆಗೆ ಗಾಳಿಮಳೆಗಳ ಒಂದು ಕಾಲವನ್ನೂ ಹೇಳತೊಡಗಿದವು. ಶಬ್ದಾರ್ಥಗಳ ಸಂಬಂಧವನ್ನು ವಿಚಾರಿಸುವವರಿಗೆ ಇದು ಮನನಯೋಗ್ಯವಾದ ವಿಷಯವಾಗಿದೆ.

೨

‘ಬಾಮಿಸ್’ ಶಬ್ದದ ಪೂರ್ಣರೂಪವು ‘ಸಿಂಟ್ ಬಾಫ್ಸ್‌ಮಿಸ್’ ಎಂದು. ‘ಸಿಂಟ್’ ಎಂದರೆ ಸಂತ. ‘ಬಾಫ್ಸ್’ ಎಂಬುದು ‘ಬಾವೋ’ ಎಂಬ ಹೆಸರಿನ ಷಷ್ಠೀವಿಭಕ್ತಿಯ ರೂಪ. ಬಾವೋ ಶಬ್ದದ ಅಂತ್ಯಸ್ವರವು ಲೋಪವಾದಾಗ ವಕಾರವು ಪದಾಂತಕ್ಕೆ ಬರುತ್ತದೆ. ಡಚ್ಚಿನಲ್ಲಿ ಪದಾಂತದ ಘೋಷಧ್ವನಿಯು ಅಘೋಷವಾಗುವುದು ನಿಯಮವಾದುದರಿಂದ ಅದು ಫಕಾರವಾಗಿ ‘ಬಾಫ್’ ಎಂದಾಗುತ್ತದೆ. ಷಷ್ಠಿಯ ಸಕಾರವು ಸೇರಿ ‘ಬಾಫ್ಸ್’ ಎಂದಾದ ಮೇಲೆ, ಉತ್ತರಪದದ ಮಕಾರವು ಪರವಾದಾಗ ನಡುವಣ ವ್ಯಂಜನಗಳ ಗುಂಪು ಉಚ್ಚಾರಣಸೌಕರ್ಯಕ್ಕಾಗಿ ಲೋಪವಾಗಿ ‘ಬಾಮಿಸ್’ ಎಂಬ ರೂಪವು ನಿಲ್ಲುತ್ತದೆ.

ಉತ್ತರಪದವಾದ ‘ಮಿಸ್’ ಲ್ಯಾಟಿನ್ ಭಾಷೆಯ ‘ಮಿಸ್ಸಾ’ ಶಬ್ದದಿಂದ ಬಂದುದು. ಇದರ ಧಾತ್ವರ್ಥವು ಕಳುಹಿಸುವುದು ಎಂದು. ಪೂಜೆಯು ಮುಗಿದಾಗ ನೆರೆದವರನ್ನು ಬೀಳ್ಕೊಡುತ್ತ ಪಾದ್ರಿಯು ಹೇಳುವ ವಿಸರ್ಜನವಾಕ್ಯದಲ್ಲಿ ಈ ಪದವು ಬರುತ್ತದೆ. ಮುಕ್ತಾಯದ ಮಾತೇ ಕ್ರಮೇಣ ಇಡಿಯ ಪೂಜೆಗೆ ಹೆಸರಾಯಿತು. ಪೂಜೆಯ ಹೆಸರು ಪೂಜೆ ನಡೆಯುವ ಹಬ್ಬದ ದಿನಕ್ಕೂ ಸಂದಿತು. ಡಚ್ಚಿನಲ್ಲಿ ಕ್ರಿಸ್ತಜಯಂತಿಯು ‘ಕೆರ್ಸ್ಟ್‌ಮಿಸ್’. ಫೆಬ್ರವರಿ ೨ರ ದೀಪೋತ್ಸವವು ‘ಲಿಖ್ಟ್‌ಮಿಸ್’. ದೇವಾಲಯದ ಪ್ರತಿಷ್ಠಾದಿನದ ವಾರ್ಷಿಕೋತ್ಸವವು ‘ಕೆರ್ಕ್’ ಎಂಬ ದೇವಾಲಯವಾಚಕದೊಡನೆ ‘ಮಿಸ್’ ಸೇರಿ ‘ಕೆರ್ಮಿಸ್’ ಎಂದಾಯಿತು. ಈ ಕೊನೆಯ ಶಬ್ದವು ಪೂಜೆಯ ಅರ್ಥವನ್ನು ಬಹುಮಟ್ಟಿಗೆ ನೀಗಿಕೊಂಡು ಜಾತ್ರೆ, ಸಂತೆ, ವಿನೋದಕೂಟ ಎಂಬ ಅರ್ಥಗಳಲ್ಲಿ ಉಳಿದಿದೆ. ಫ್ರೆಂಚಿಗೆ ‘ಕೆರ್ಮೆಸ್’ ಎಂದು ಹೋಗಿದೆ. ಜರ್ಮನಿನಲ್ಲಿಯೂ ‘ಮೆಸ್ಸೆ’ ಎಂಬ ಒಂದೇ ಶಬ್ದವು ದೇವಾಲಯದ ಪೂಜೆಯನ್ನೂ ವ್ಯಾಪಾರದ ಮೇಳವನ್ನೂ ಹೇಳುತ್ತದೆ. ಹಬ್ಬಕ್ಕೆ ನೆರೆದ ಜನರ ನಡುವೆ ಅಂಗಡಿಗಳು ಹುಟ್ಟುವುದು ಲೋಕಸಹಜವಾದುದರಿಂದ ಈ ಅರ್ಥಪಲ್ಲಟವು ಆಶ್ಚರ್ಯಕರವಲ್ಲ.

೩

ಸಂತ ಬಾವೋ ಈಗಿನ ಬೆಲ್ಜಿಯಮಿನ ಹಾಸ್ಪೆನ್‌ಗೌ ಸೀಮೆಯ ಶ್ರೀಮಂತಕುಲದಲ್ಲಿ ಹುಟ್ಟಿದವನೆಂದು ಸಂತಚರಿತ್ರೆಗಳು ಹೇಳುತ್ತವೆ. ಯೌವನದಲ್ಲಿ ಸ್ವೇಚ್ಛಾವೃತ್ತಿಯವನಾಗಿದ್ದು, ಪತ್ನಿಯ ಮರಣಾನಂತರ ವೈರಾಗ್ಯವನ್ನು ತಾಳಿ, ತನ್ನ ಸಂಪತ್ತನ್ನು ದಾನಮಾಡಿ, ಸಂತ ಅಮಾಂಡಸನ ಶಿಷ್ಯನಾದನೆಂದೂ, ಗೆಂಟ್ ನಗರದ ಬಳಿ ಏಕಾಂತವಾಸದಲ್ಲಿ ದೇಹವನ್ನು ಬಿಟ್ಟನೆಂದೂ ಸಂಪ್ರದಾಯವಿದೆ. ಚಿತ್ರಗಳಲ್ಲಿ ಅವನ ಕೈಯ ಮೇಲೆ ಡೇಗೆಯಿರುವುದು ಅವನ ಪೂರ್ವಾಶ್ರಮದ ಗುರುತು. ಗೆಂಟ್ ನಗರದ ಕೆಥೀಡ್ರಲಿನಲ್ಲಿ ರೂಬೆನ್ಸ್ ಎಂಬ ಪ್ರಸಿದ್ಧ ಚಿತ್ರಕಾರನು ೧೬೨೪ರ ಸುಮಾರಿನಲ್ಲಿ ಬರೆದ ಚಿತ್ರವು ಈ ಸಂತನ ಸಂನ್ಯಾಸಸ್ವೀಕಾರವನ್ನೇ ವಿಷಯವಾಗಿ ಉಳ್ಳದು. ಅಕ್ಟೋಬರ್ ೧ ಸಂತನ ಪುಣ್ಯತಿಥಿ.

ಲೈ ಮತ್ತು ಸ್ಖೆಲ್ಡ ನದಿಗಳ ಸಂಗಮದಲ್ಲಿ ಅಮಾಂಡಸನು ಸ್ಥಾಪಿಸಿದ ಮಠವು ಮುಂದೆ ಬಾವೋವಿನ ಹೆಸರನ್ನು ಪಡೆಯಿತು. ಮಧ್ಯಯುಗದಲ್ಲಿ ಅದು ಫ್ಲಾಂಡರ್ಸಿನ ದೊಡ್ಡ ಭೂಸ್ವಾಮಿಗಳಲ್ಲಿ ಒಂದಾಗಿತ್ತು. ಲೈ ನದಿಯ ದಡದ ಸಿಂಟ್ ಬಾಫ್ಸ್ ವೈವ ಎಂಬ ಊರಿನ ಹೆಸರಿನಲ್ಲಿ ಇಂದಿಗೂ ಆ ಸಂತನ ನೆನಪು ಉಳಿದಿದೆ. ತನ್ನ ಅಧಿಕಾರದ ವಿರುದ್ಧ ಗೆಂಟ್ ನಗರವು ದಂಗೆಯೆದ್ದುದಕ್ಕಾಗಿ ಚಕ್ರವರ್ತಿ ಐದನೆಯ ಚಾರ್ಲ್ಸನು ೧೫೪೦ರಲ್ಲಿ ಮಠದ ಸ್ಥಳದಲ್ಲಿ ಕೋಟೆಯನ್ನು ಕಟ್ಟಿಸಲು ಅಪ್ಪಣೆಮಾಡಿದನು. ಮಠದ ಸಮುದಾಯವು ನಗರದೊಳಗಣ ಸಂತ ಯೋಹಾನನ ದೇವಾಲಯಕ್ಕೆ ಹೋಗಬೇಕಾಯಿತು. ಆ ದೇವಾಲಯವೇ ಸಂತ ಬಾವೋವಿನ ಹೆಸರನ್ನು ಧರಿಸಿ, ೧೫೫೯ರಲ್ಲಿ ಹೊಸ ಬಿಷಪ್ ಪೀಠವು ಏರ್ಪಟ್ಟಾಗ ಕೆಥೀಡ್ರಲ್ ಆಯಿತು.

೪

ಒಂದು ದಿನದ ಹೆಸರು ಒಂದು ಋತುವಿನ ಹೆಸರಾದುದು ಹೇಗೆ? ಅಕ್ಟೋಬರ್ ೧ ಒಕ್ಕಲಿಗನ ವರ್ಷದಲ್ಲಿ ಒಂದು ಸಂಧಿಕಾಲ. ಆ ದೇಶದಲ್ಲಿ ಆಗಸ್ಟ್ ತಿಂಗಳಿನಲ್ಲಿ ಪೈರು ಕುಯ್ಲಾಗುತ್ತದೆ. ಅಕ್ಟೋಬರಿನಲ್ಲಿ ಮುಂದಿನ ವರ್ಷದ ಗೋದಿಗೆ ನೆಲವನ್ನು ಉತ್ತು ಬಿತ್ತುತ್ತಾರೆ. ಕಣಜದಲ್ಲಿ ಧಾನ್ಯವಿರುವ ಈ ಹೊತ್ತೇ ಗೇಣಿಯನ್ನು ವಸೂಲುಮಾಡುವುದಕ್ಕೂ, ಗುತ್ತಿಗೆಯನ್ನು ಮುಗಿಸುವುದಕ್ಕೂ, ಹೊಸದನ್ನು ಆರಂಭಿಸುವುದಕ್ಕೂ ತಕ್ಕುದು. ಭೂಮಿಯ ಒಡೆತನವುಳ್ಳ ಮಠಕ್ಕೆ ಅದರ ಅಧಿದೇವತೆಯಂತಿದ್ದ ಸಂತನ ಹಬ್ಬವೇ ಗಡುವಿನ ದಿನವಾಗುವುದು ಸಹಜ. ಹೀಗೆ ‘ಬಾಮಿಸ್’ ಎಂಬುದು ಕರಾರುಗಳಲ್ಲಿಯೂ ಲೆಕ್ಕಪತ್ರಗಳಲ್ಲಿಯೂ ಹಣ ಧಾನ್ಯಗಳನ್ನು ಸಲ್ಲಿಸತಕ್ಕ ದಿನದ ಹೆಸರಾಯಿತು. ಪಂಚಾಂಗವನ್ನು ಓದಲಾರದವನಿಗೂ ಸಾಲದ ಗಡುವು ಮರೆಯದು. ಆದುದರಿಂದಲೇ ಶಬ್ದವು ಗುಡಿಯ ಹೊರಗೆ ಬಂದು ಮನೆಮನೆಯಲ್ಲಿ ಬಳಕೆಯಾಯಿತು.

ಅಲ್ಲಿಂದ ಮುಂದಣ ಹೆಜ್ಜೆಯು ಸುಲಭ. ‘ಬಾಮಿಸ್ಸಿನ ಹೊತ್ತಿಗೆ’ ಎಂಬ ಮಾತು ಆ ದಿನದ ಆಸುಪಾಸಿನ ಕಾಲವನ್ನು ಹೇಳಿ, ತರುವಾಯ ಶರತ್ಕಾಲವನ್ನೇ ಹೇಳಿತು. ಗಾಳಿ, ಮಳೆ, ಮಂಜುಗಳಿಂದ ಕೂಡಿದ ಹವೆಗೆ ‘ಬಾಮಿಸ್‌ವೇರ್’ ಎಂಬ ಸಮಸ್ತಪದವು ಹುಟ್ಟಿತು. ‘ವೇರ್’ ಎಂದರೆ ಹವೆ. ಈ ಸಮಾಸವನ್ನು ಬಳಸುವವನಿಗೆ ಒಬ್ಬ ಸಂತನ ಹೆಸರನ್ನು ಉಚ್ಚರಿಸುತ್ತಿರುವೆನೆಂಬ ಅರಿವು ಇರಬೇಕಾಗಿಲ್ಲ.

ಇಲ್ಲಿ ಪಂಚಾಂಗದ ಒಂದು ಅಂಶವನ್ನು ಗಮನಿಸತಕ್ಕದ್ದು. ಫ್ಲಾಂಡರ್ಸಿನಲ್ಲಿ ಗ್ರೆಗರಿಯ ಪಂಚಾಂಗವು ೧೫೮೨ರ ಕೊನೆಯಲ್ಲಿ ಬಳಕೆಗೆ ಬಂದಿತು. ಆಗ ೧೦ ದಿನಗಳನ್ನು ಬಿಟ್ಟುಬಿಡಲಾಯಿತು. ಅದಕ್ಕೆ ಮುಂಚಿನ ಹದಿನಾರನೆಯ ಶತಮಾನದ ಅಕ್ಟೋಬರ್ ೧, ಸೂರ್ಯನ ಗತಿಗೆ ಅನುಸಾರವಾಗಿ ಇಂದಿನ ಅಕ್ಟೋಬರ್ ೧೧ಕ್ಕೆ ಸಮನಾದುದು. ಎಂದರೆ ಈ ಅರ್ಥವು ಬೆಳೆದುಬಂದ ಕಾಲದ ಬಾಮಿಸ್ ದಿನವು ಇಂದಿನದಕ್ಕಿಂತ ಚಳಿಗಾಲಕ್ಕೆ ಹತ್ತಿರವಾಗಿತ್ತು. ಬಿರುಗಾಳಿಯ ಹವೆಗೆ ಈ ದಿನದ ಹೆಸರು ಅಂಟಿಕೊಂಡುದು ಇದರಿಂದ ಇನ್ನಷ್ಟು ಸಂಗತವಾಗಿ ತೋರುತ್ತದೆ.

೫

ಶಿಷ್ಟ ಡಚ್ಚಿನಲ್ಲಿ ಶರತ್ಕಾಲಕ್ಕೆ ‘ಹೆರ್ಫ್‌ಸ್ಟ್’ ಎಂಬುದು ರೂಢಿಯ ಶಬ್ದ. ಇದು ಜರ್ಮನಿನ ‘ಹೆರ್ಬ್‌ಸ್ಟ್’, ಇಂಗ್ಲಿಷಿನ ‘ಹಾರ್ವೆಸ್ಟ್’ ಎಂಬಿವುಗಳ ಸೋದರ. ಕೀಳುವುದು, ಕೊಯ್ಯುವುದು ಎಂಬ ಅರ್ಥದ ಪ್ರಾಚೀನ ಧಾತುವೊಂದು ಇವಕ್ಕೆ ಮೂಲ. ಲ್ಯಾಟಿನ್ನಿನಲ್ಲಿ ಕೀಳುವುದೆಂಬ ಅರ್ಥದ ‘ಕಾರ್ಪೆರೆ’, ಗ್ರೀಕಿನಲ್ಲಿ ಹಣ್ಣನ್ನು ಹೇಳುವ ‘ಕಾರ್ಪೋಸ್’ ಇದೇ ಬಳಗದವು. ಮೂಲದ ಕಕಾರವು ಜರ್ಮಾನಿಕ್ ಭಾಷೆಗಳಲ್ಲಿ ಹಕಾರವಾಗುವುದು ೧೮೨೨ರಲ್ಲಿ ಯಾಕೋಬ್ ಗ್ರಿಮ್ ನಿರೂಪಿಸಿದ ನಿಯಮಕ್ಕೆ ಅನುಗುಣವಾಗಿದೆ. ಕನ್ನಡ ಕಾವ್ಯಗಳಲ್ಲಿ ತತ್ಸಮವಾಗಿ ಬಳಸಲ್ಪಡುವ ಸಂಸ್ಕೃತದ ‘ಕೃಪಾಣ’ ಶಬ್ದವನ್ನೂ ನಿರುಕ್ತಕಾರರು ಇದೇ ಧಾತುವಿಗೆ ಸಂಬಂಧಿಸುವುದುಂಟು. ಅಲ್ಲಿ ಕೊಯ್ಯುವ ಆಯುಧ, ಇಲ್ಲಿ ಕೊಯ್ಯುವ ಕಾಲ.

ಇಂಗ್ಲಿಷಿನಲ್ಲಿ ‘ಹಾರ್ವೆಸ್ಟ್’ ಕುಯಿಲಿನ ಅರ್ಥವನ್ನು ಉಳಿಸಿಕೊಂಡು ಋತುವಿನ ಅರ್ಥವನ್ನು ಬಿಟ್ಟುಕೊಟ್ಟಿತು. ಡಚ್ಚಿನಲ್ಲಿ ಇದರ ವಿಪರ್ಯಾಸ: ಹೆರ್ಫ್‌ಸ್ಟ್ ಋತುವಾಚಕವಾಗಿ ನಿಂತಿತು, ಕುಯಿಲಿಗೆ ‘ಓಖ್‌ಸ್ಟ್’ ಎಂಬ ಹೆಸರು ಬಂದಿತು. ಓಖ್‌ಸ್ಟ್ ಎಂಬುದು ಆಗಸ್ಟ್ ತಿಂಗಳಿಗೆ ಕಾರಣಪುರುಷನಾದ ಆಗಸ್ಟಸ್ ಚಕ್ರವರ್ತಿಯ ಹೆಸರಿನ ತದ್ಭವ. ಹೀಗೆ ಒಂದೇ ಭಾಷೆಯಲ್ಲಿ ಕುಯಿಲಿನ ಹೆಸರು ಋತುವಿಗೂ, ತಿಂಗಳಿನ ಹೆಸರು ಕುಯಿಲಿಗೂ, ಸಂತನ ಹೆಸರು ಹವೆಗೂ ಸಂದಿವೆ. ದುಡಿಮೆಯೂ ಕಾಲಗಣನೆಯೂ ಒಂದರೊಳಗೊಂದು ಹೆಣೆದುಕೊಂಡ ಸಮಾಜದಲ್ಲಿ ಹೆಸರುಗಳು ಹೀಗೆ ಸ್ಥಾನವನ್ನು ಬದಲಿಸುತ್ತಲೇ ಇರುತ್ತವೆ.

೬

ಬಾಮಿಸ್ ಹಬ್ಬವು ಒಂಟಿಯಲ್ಲ. ಸೆಪ್ಟೆಂಬರ್ ೨೯ ದೇವದೂತನಾದ ಮೀಕಾಯೇಲನ ಹಬ್ಬ. ನವೆಂಬರ್ ೧ ಸರ್ವಸಂತರ ದಿನ. ನವೆಂಬರ್ ೨ ಮೃತರ ಆತ್ಮಗಳಿಗಾಗಿ ಪ್ರಾರ್ಥಿಸುವ ದಿನ. ನವೆಂಬರ್ ೧೧ ಸಂತ ಮಾರ್ಟಿನನ ಹಬ್ಬ. ಸರ್ವಸಂತರ ದಿನದ ಸಮಯದಲ್ಲಿ ಫ್ಲಾಂಡರ್ಸಿನ ಜನರು ಸಮಾಧಿಗಳಿಗೆ ಹೋಗಿ ಸೇವಂತಿಗೆಯ ಹೂಗಳನ್ನಿಡುವುದು ಇಂದಿಗೂ ಆಚರಣೆಯಲ್ಲಿದೆ. ಮಾರ್ಟಿನನ ಹಬ್ಬದ ಸಂಜೆ ಉತ್ತರ ಹಾಲೆಂಡ್, ಖ್ರೋನಿಂಗೆನ್ ಮೊದಲಾದ ಕಡೆ ಮಕ್ಕಳು ದೀಪಗಳನ್ನು ಹಿಡಿದು ಹಾಡುತ್ತ ಮನೆಮನೆಗೆ ಹೋಗುತ್ತಾರೆ.

ಇಂತಹ ಹಬ್ಬಗಳನ್ನು ಕಂಡೊಡನೆ, ಕ್ರೈಸ್ತಮತಕ್ಕೆ ಹಿಂದಣ ಸುಗ್ಗಿಯ ಉತ್ಸವಗಳೇ ಸಂತರ ಹೆಸರನ್ನು ತಾಳಿವೆಯೆಂದು ಹೇಳಿಬಿಡುವ ಅಭ್ಯಾಸವುಂಟು. ಕೆಲವು ಆಚಾರಗಳ ವಿಷಯದಲ್ಲಿ ಅದಕ್ಕೆ ಆಧಾರವಿರಬಹುದು. ‘ಬಾಮಿಸ್’ ಶಬ್ದವು ಮಾತ್ರ ಅದಕ್ಕೆ ಸಾಕ್ಷಿಯಾಗಲಾರದು. ಅದರ ಎರಡು ಅವಯವಗಳೂ ಕ್ರೈಸ್ತ ದೇವಾಲಯದಿಂದಲೇ ಬಂದವು. ಅರ್ಥವು ಹರಿದ ದಾರಿಯೂ ಮೇಲಿನಿಂದ ಕೆಳಕ್ಕೆ: ಪೂಜೆಯಿಂದ ದಿನಕ್ಕೆ, ದಿನದಿಂದ ಗಡುವಿಗೆ, ಗಡುವಿನಿಂದ ಋತುವಿಗೆ. ಪ್ರಕೃತಿಯು ಹಬ್ಬಕ್ಕೆ ಹೆಸರನ್ನು ಕೊಡಲಿಲ್ಲ. ಹಬ್ಬವೇ ಪ್ರಕೃತಿಗೆ ಹೆಸರನ್ನು ಕೊಟ್ಟಿತು.

ಈ ಶಬ್ದವು ದಕ್ಷಿಣದ ಆಡುನುಡಿಗಳಲ್ಲಿ ಬೇರೂರಿ, ಉತ್ತರದ ಶಿಷ್ಟಭಾಷೆಯಲ್ಲಿ ಋತುವಾಚಕವಾಗದೆ ಹೋದುದಕ್ಕೆ ಮತಸುಧಾರಣೆಯೊಂದನ್ನೇ ಕಾರಣವಾಗಿ ಹೇಳುವುದೂ ಸಾಲದು. ಹದಿನಾರನೆಯ ಶತಮಾನದ ಕೊನೆಯಲ್ಲಿ ಡಚ್ಚು ಗಣರಾಜ್ಯದಲ್ಲಿ ಕ್ಯಾಥೊಲಿಕರ ಬಹಿರಂಗ ಪೂಜೆಯು ನಿಷಿದ್ಧವಾಯಿತು. ಹಾರ್ಲೆಂ ನಗರದ ಸಂತ ಬಾವೋ ದೇವಾಲಯವು ೧೫೭೮ರಲ್ಲಿ ಪ್ರೊಟೆಸ್ಟಂಟರ ವಶವಾಯಿತು. ಹೀಗಿದ್ದರೂ ‘ಮಿಸ್’ ಎಂಬ ಪೂಜಾವಾಚಕವನ್ನೇ ಒಳಗೊಂಡ ಕೆರ್ಸ್ಟ್‌ಮಿಸ್, ಕೆರ್ಮಿಸ್ ಶಬ್ದಗಳು ಅಲ್ಲಿ ಅಳಿಯಲಿಲ್ಲ. ಮಾರ್ಟಿನ್, ನಿಕೊಲಾಸ್ ಎಂಬ ಸಂತರ ಹಬ್ಬಗಳೂ ಅಳಿಯಲಿಲ್ಲ. ಆದುದರಿಂದ ಮತದ ಬದಲಾವಣೆಯೊಡನೆ ಇನ್ನೊಂದು ಕಾರಣವನ್ನೂ ಎಣಿಸಬೇಕು. ಹಾರ್ಲೆಮಿನಲ್ಲಿ ಬಾವೋ ನಗರದ ಪಾಲಕಸಂತನಾಗಿದ್ದನು. ಫ್ಲಾಂಡರ್ಸಿನಲ್ಲಿ ಅವನ ಮಠವು ಹೊಲಗಳ ಒಡೆಯನೂ ಆಗಿತ್ತು. ಭಕ್ತಿಯು ಹೆಸರನ್ನು ದೇವಾಲಯದಲ್ಲಿ ಕಾಪಾಡಿತು. ಹೊಲ, ಗೇಣಿ, ಕಣಜಗಳು ಅದನ್ನು ಮಾತಿನಲ್ಲಿ ಕಾಪಾಡಿದವೆಂದು ತಿಳಿಯುವುದು ಯುಕ್ತ.

೭

೧೭೯೫ರಲ್ಲಿ ಫ್ಲಾಂಡರ್ಸ್ ಫ್ರೆಂಚರ ಆಳ್ವಿಕೆಗೆ ಸೇರಿತು. ಮುಂದಣ ವರ್ಷ ಮಠಗಳು ರದ್ದಾದವು; ಸಂತರ ಹೆಸರುಗಳಿಗೆ ಎಡೆಯಿಲ್ಲದ ಕ್ರಾಂತಿಯ ಪಂಚಾಂಗವು ಸರ್ಕಾರಿ ಕಾಗದಗಳಲ್ಲಿ ಬಳಕೆಗೆ ಬಂದಿತು. ಆ ಪಂಚಾಂಗದಲ್ಲಿ ಬಾಮಿಸ್ ದಿನವು ದ್ರಾಕ್ಷಿಯ ಕುಯಿಲಿನಿಂದ ಹೆಸರುಪಡೆದ ‘ವಾಂದೆಮ್ಯೇರ್’ ಮಾಸದಲ್ಲಿ ಬೀಳುತ್ತಿತ್ತು. ಪ್ರಕೃತಿಯನ್ನೇ ಆಧರಿಸಿ ವಿದ್ವಾಂಸರು ಹೆಣೆದ ಆ ಹೆಸರು ೧೮೦೬ರ ಮೊದಲ ದಿನ ಪಂಚಾಂಗದೊಡನೆಯೇ ಬಳಕೆಯಿಂದ ಹೋಯಿತು. ಮಠವೂ ಗೇಣಿಯೂ ಇಲ್ಲದಾದ ಮೇಲೆಯೂ, ಮೂಲವನ್ನರಿಯದ ಒಕ್ಕಲಿಗರ ಬಾಯಲ್ಲಿ ‘ಬಾಮಿಸ್’ ಉಳಿಯಿತು. ಶಬ್ದದ ಬಾಳಿಗೆ ಅದರ ನಿಷ್ಪತ್ತಿಯ ಜ್ಞಾನವು ಬೇಕಿಲ್ಲ, ಬಳಕೆಯೊಂದಿದ್ದರೆ ಸಾಕು. ಆದರೆ ಬಳಕೆಯು ಮರೆತುದನ್ನು ನಿಷ್ಪತ್ತಿಯು ನೆನಪಿಗೆ ತರುತ್ತದೆ: ಶರತ್ಕಾಲದ ಒಂದು ಮಳೆಗಾಳಿಯ ಹೆಸರಿನಲ್ಲಿ ಒಂದು ಮಠದ ಪೂಜೆಯೂ ಅದರ ಒಕ್ಕಲುಗಳು ಅಳೆದುಕೊಟ್ಟ ಧಾನ್ಯವೂ ಇನ್ನೂ ಅಡಗಿವೆ.